ಕೌದಿ ಹಿಂಡಿದ ನೀರು

ಬೆಲ್ಲ ಹೊರುವ ಕಾರಿನಲ್ಲಿ ಸಿಹಿ ವಾಸನೆ ಬರದೆ ಬೇವಿನ ವಾಸನೆ ಬಂದೀತೇ ಎಂದು ಮಡೆಪ್ಪ ನಕ್ಕುಬಿಟ್ಟಿದ್ದ. ನಗಬಾರದಿತ್ತು. ಆದರೆ ಅವನೊಬ್ಬನನ್ನೇ ದೂರಿ ಏನು ಬಂತು? ಗಾಣದವರು ನಕ್ಕರು, ಕಿರಾಣಿ ಅಂಗಡಿಯವರು ನಕ್ಕರು, ಕಾರಿನ ಬೇನೆ ಕಂಡುಹಿಡಿಯಬೇಕಾದ ಮೆಕ್ಯಾನಿಕ್ಕನೂ ನಕ್ಕ.

ಮೋರಖಂಡಿಯ ಮಡೆಪ್ಪನ ಕಾರಿಗೆ ಅವನ ಮದುವೆಗಿಂತ ಹೆಚ್ಚು ವಯಸ್ಸಾಗಿತ್ತು. ಯಾರ್‍ಯಾರದೋ ಕೈ ದಾಟಿ ಇವನ ಅಂಗಳಕ್ಕೆ ಬರುವ ಹೊತ್ತಿಗೆ ಅದರ ಬಣ್ಣ ಯಾವುದಿತ್ತೆಂಬುದು ಕಾಗದ ನೋಡಿ ಹೇಳಬೇಕಾದ ಸಂಗತಿಯಾಗಿತ್ತು. ಚಾಲಕನ ಪಕ್ಕದ ಸೀಟನ್ನು ಮಡೆಪ್ಪ ಕಿತ್ತುಹಾಕಿದ್ದ. ಆ ಜಾಗದಲ್ಲಿ ಅವ್ವ ಹಳೆ ಸೀರೆಗಳಿಂದ ಹೊಲಿದಿದ್ದ ಕೌದಿಯೊಂದನ್ನು ಮಡಿಚಿ ಹಾಸಿ, ಅದರ ಮೇಲೆ ಬೆಲ್ಲದ ಪೆಂಟಿಗಳನ್ನು ಒಟ್ಟುತ್ತಿದ್ದ. ಹಿಂದಿನ ಸೀಟಿನಲ್ಲೂ ಪೆಂಟಿ, ಡಿಕ್ಕಿಯಲ್ಲೂ ಪೆಂಟಿ. ಕಬ್ಬಿನ ಸುಗ್ಗಿಯುದ್ದಕ್ಕೂ ಊರಾಚೆಯ ಗಾಣದಿಂದ ಬಸವಕಲ್ಯಾಣದ ಅಂಗಡಿಗಳಿಗೆ, ಅಲ್ಲಿಂದ ಹುಮನಾಬಾದಿಗೆ ಅವನ ತಿರುಗಾಟ. ಜನ ಅದನ್ನು ಬೆಲ್ಲದ ಗಾಡಿ ಎಂದೇ ಕರೆಯುತ್ತಿದ್ದರು.

ಆ ಸಲ ಚಳಿ ಜೋರಾಗಿ ಬಿತ್ತು. ಒಂದು ನಸುಕಿನಲ್ಲಿ ಸ್ಟಿಯರಿಂಗ್ ಹಿಡಿದ ಬೆರಳು ಸೆಟೆದುಕೊಂಡಾಗ ಮಡೆಪ್ಪನ ಕಣ್ಣು ಎದುರಿಗಿದ್ದ ಹೀಟರಿನ ಹಿಡಿಕೆಯ ಮೇಲೆ ಬಿತ್ತು. ಕಾರು ಕೊಂಡಾಗಿನಿಂದ ಯಾರೂ ಅದನ್ನು ಮುಟ್ಟಿರಲಿಲ್ಲ. ವರ್ಷದಲ್ಲಿ ಮುಕ್ಕಾಲು ಭಾಗ ಬಿಸಿಲಿಗೆ ಬಾಯಿಬಿಡುವ ಸೀಮೆಯಲ್ಲಿ ಬಿಸಿಗಾಳಿಯನ್ನು ಕೇಳಿ ಪಡೆಯುವವರು ಯಾರು? ಹಿಡಿಕೆಯನ್ನು ನೀಲಿಯಿಂದ ಕೆಂಪಿಗೆ ಜಗ್ಗಿದ. ಬೆಚ್ಚನೆಯ ಗಾಳಿ ಮೊಣಕಾಲಿಗೆ ಬಡಿಯಿತು. ಇಷ್ಟು ವರ್ಷ ಈ ಸುಖ ಕೈಯಳತೆಯಲ್ಲೇ ಇತ್ತಲ್ಲ ಎಂದು ಹಿಗ್ಗಿಹೋದ ಅವನು ದಾರಿಯುದ್ದಕ್ಕೂ ಹಾಡು ಗುನುಗಿದ.

ಅಲ್ಲಿಂದಾಚೆಗೆ ಮುಂದಿನ ಗಾಜಿನ ಒಳಮೈಗೆ ಹಬೆ ಕಟ್ಟತೊಡಗಿತು. ಒರೆಸಿದರೆ ಅಂಟಂಟು. ಕಾರಿನೊಳಗೆ ಒಂದು ಬಗೆಯ ಗಾಢವಾದ ಸಿಹಿ ವಾಸನೆ. ಕೌದಿ ದಿನಾ ತೊಯ್ದು ತೊಪ್ಪೆಯಾಗುತ್ತಿತ್ತು. ರೇಡಿಯೇಟರಿನ ನೀರು ಇಳಿಯುತ್ತಿತ್ತು. ಇವನ್ನೆಲ್ಲ ಒಂದೇ ದಾರಕ್ಕೆ ಪೋಣಿಸಿ ನೋಡುವ ಬುದ್ಧಿ ಮಡೆಪ್ಪನಿಗೆ ಹೊಳೆಯಲಿಲ್ಲ.

ಹುಮನಾಬಾದಿನ ಹೆದ್ದಾರಿ ಬದಿಯಲ್ಲಿ ಲಾಲ್ ಅಹ್ಮದನ ಗ್ಯಾರೇಜು. ಒಳ್ಳೆಯ ಮನುಷ್ಯ, ಕೈಗುಣವೂ ಇತ್ತು, ಆದರೆ ಬೇನೆ ಏನೆಂದು ಕೇಳಿ ಮುಗಿಸುವ ಮೊದಲೇ ಮದ್ದು ಹೇಳುವ ಚಟ. ಕಾರಿನ ಕೆಳಗೆ ಬಗ್ಗಿ ನೋಡಿದ, ನೆಲ ಒಣಗಿತ್ತು. ಬಾನೆಟ್ ಎತ್ತಿ ನೋಡಿದ, ಎಲ್ಲೂ ಪಸೆಯಿರಲಿಲ್ಲ. ಒಳಗೆ ತಲೆಹಾಕಿ ಮೂಗರಳಿಸಿದವನೇ ನಗಲು ಶುರುಮಾಡಿದ.

"ಅರೇ ಮಡೆಪ್ಪಣ್ಣ, ನಿನ್ನ ಗಾಡ್ಯಾಗ ಬೆಲ್ಲ ಬಿಟ್ರ ಬ್ಯಾರೆ ಏನ್ ನಾರಬೇಕು? ಎಲ್ಲಿಂದರ ಇಬ್ಬನಿ ನೀರು ಒಳಗ ಇಳದು ಬೆಲ್ಲ ಕರಗಾಕತ್ತದ. ಗಾಜಿಗಿ ಅದರದ ಹಬಿ ಹತ್ಯಾದ."

"ರೇಡಿಯೇಟರ್‌ದಾಗಿನ ನೀರೂ ಕಮ್ಮಿ ಆಗಾಕತ್ತದಲ್ರಿ ಉಸ್ತಾದ?"

"ಹಳೀ ಇಂಜಿನ್ ಅದ, ಕುಡೀತದ. ಆದ್ರ ಒಂದ ಮಾತು. ಬೋರಿನ ನೀರ ಹಾಕಬ್ಯಾಡ, ತುಕ್ಕ ಹಿಡದು ಹಾಳಾಗ್ತದ. ಹಸರ ಕೂಲಂಟ್ ಬರ್ತದ ನೋಡು ಡಬ್ಬಿದಾಗ, ಅದನ್ನ ಹಾಕು."

ಹೇಳಿದ ಮಾತು ಕೇಳುವ ಮನುಷ್ಯ ಮಡೆಪ್ಪ. ಬೇರೆ ಯಾರಾದರೂ ಆಗಿದ್ದರೆ ಒಂದು ದಿನ ಡಬ್ಬಿ ತಂದು, ಮರುದಿನ ಬೋರಿನ ಕೊಡ ಬಗ್ಗಿಸಿ ಸುಮ್ಮನಾಗುತ್ತಿದ್ದರು. ಇವನು ಮಾತ್ರ ನೇಮದಿಂದ ದಿನಾ ಬೆಳಿಗ್ಗೆ ಹಸಿರು ಕೂಲಂಟನ್ನೇ ತುಂಬಿದ. ಆ ನಿಯತ್ತೇ ಅವನಿಗೆ ಮುಳುವಾಯಿತು.

ಮನೆಯಲ್ಲಿ ಧೂಳಮ್ಮ. ಮಡೆಪ್ಪನ ಅವ್ವ. ಮೊಣಕಾಲು ಸೋತಿದ್ದರೂ ಕೊಟ್ಟಿಗೆಯ ಅಧಿಕಾರವನ್ನು ಸೊಸೆಗೆ ಬಿಟ್ಟುಕೊಡದ ಹೆಂಗಸು. ನಾರಾಯಣಪುರದ ತವರಿನಿಂದ ಮದುವೆಯಾಗಿ ಬರುವಾಗ ದೇವಣಿ ಜಾತಿಯ ಒಂದು ಆಕಳನ್ನು ಹೊಡೆದುಕೊಂಡು ಬಂದಿದ್ದಳು. ಅದರ ಮಗಳು, ಮಗಳ ಮಗಳು ಎಂದು ಆ ಬಳ್ಳಿ ಕೊಟ್ಟಿಗೆಯಲ್ಲಿ ಕಡಿಯದೆ ನಡೆದು ಬಂದಿತ್ತು. ಹೋದ ತಿಂಗಳು ಕರು ಹಾಕಿದ ಆಕಳು ನಂಜೇರಿ ಸತ್ತುಹೋಯಿತು. ಉಳಿದದ್ದು ಹೆಣ್ಣು ಕರು ಒಂದೇ. ಮೈಯೆಲ್ಲ ಬಿಳಿ, ಮುಖ ಮಾತ್ರ ಕಪ್ಪು. ಧೂಳಮ್ಮ ಅದಕ್ಕೆ ಕಾಡಿಗಿ ಎಂದು ಹೆಸರಿಟ್ಟಳು. ಅದು ಬದುಕಿದರೆ ತವರಿನ ಬಳ್ಳಿ ಉಳಿಯಿತು, ಇಲ್ಲದಿದ್ದರೆ ಅಲ್ಲಿಗೆ ಮುಗಿಯಿತು. ಸೊಸೆ ಉಮಾದೇವಿಗೆ ಇದನ್ನು ದಿನಕ್ಕೊಮ್ಮೆಯಾದರೂ ಕೇಳಬೇಕಾಗುತ್ತಿತ್ತು.

ಕರುವಿನ ಹಟವೋ ಹಟ. ತಾಯಿಯ ಮೊಲೆ ಕಂಡ ಬಾಯಿ ಬಾಟಲಿಯನ್ನು ಒಪ್ಪಲಿಲ್ಲ. ಎಮ್ಮೆಯ ಹಾಲು ಕೊಟ್ಟರೆ ಮುಖ ತಿರುವುತ್ತಿತ್ತು. ಧೂಳಮ್ಮ ಬೆರಳಿಗೆ ಬೆಲ್ಲ ಸವರಿ ಅದರ ನಾಲಿಗೆಗೆ ಹಚ್ಚಿ, ರಮಿಸಿ, ಬೈದು, ಗುಟುಕು ಗುಟುಕಾಗಿ ಜೀವ ಹಿಡಿದಿಟ್ಟಿದ್ದಳು. ಉಮಾದೇವಿ ಮಕ್ಕಳೊಂದಿಗೆ ಸೋದರತ್ತೆಯ ಊರಿಗೆ ತೊಟ್ಟಿಲು ಕಾರ್ಯಕ್ಕೆ ಹೋದ ಮೇಲೆ ಕಾರಿನ ಕೌದಿಯನ್ನು ಬಿಸಿಲಿಗೆ ಹಾಕುವ ಕೆಲಸವೂ ಧೂಳಮ್ಮನಿಗೇ ಬಂತು.

ಮೊದಲ ದಿನ ಕೌದಿ ಎತ್ತಿದರೆ ಎತ್ತಲಾಗದಷ್ಟು ಭಾರ. ಹಿಂಡಿದಳು. ಕಂದು ಬಣ್ಣದ ನೀರು ದಳದಳ ಇಳಿಯಿತು. ಬೆರಳದ್ದಿ ನಾಲಿಗೆಯ ತುದಿಗೆ ಮುಟ್ಟಿಸಿಕೊಂಡಳು. ಸಿಹಿ! ಆ ಮನೆಯಲ್ಲಿ ಬೆಲ್ಲದ ಗಡಿಗೆ ತೊಳೆದ ನೀರನ್ನಾಗಲಿ, ಹೂರಣ ರುಬ್ಬಿದ ಕಲ್ಲು ತೊಳೆದ ನೀರನ್ನಾಗಲಿ ಮೋರಿಗೆ ಚೆಲ್ಲಿದವರಿಲ್ಲ. ಸಿಹಿ ನೀರು ದನದ ಪಾಲು. ಅತ್ತೆ ಹೇಳಿಕೊಟ್ಟದ್ದು, ಅತ್ತೆಯ ಅತ್ತೆ ನಡೆಸಿಕೊಂಡು ಬಂದದ್ದು. ಧೂಳಮ್ಮ ಇನ್ನೊಮ್ಮೆ ಕೌದಿಯನ್ನು ಬಕೀಟಿನೊಳಕ್ಕೆ ಚೆನ್ನಾಗಿ ಹಿಂಡಿ, ಬಟ್ಟೆಯಲ್ಲಿ ಸೋಸಿ, ಕರುವಿನ ಮುಂದಿಟ್ಟಳು.

ಕಾಡಿಗಿ ಮೂಸಿತು. ನೆಕ್ಕಿತು. ಆಮೇಲೆ ಮೂತಿಯನ್ನು ಬಕೀಟಿನೊಳಗೆ ಇಳಿಬಿಟ್ಟು ತಲೆಯೆತ್ತದೆ ಕುಡಿಯಿತು.

"ನೋಡ ಬಾ ಮಡೆಪ್ಪಾ, ನೋಡ ಬಾ! ತಾನಾಗೇ ಕುಡ್ಯಾಕತ್ತದ!" ಎಂದು ಧೂಳಮ್ಮ ಕೂಗಿದ ಕೂಗಿಗೆ ಪಕ್ಕದ ಮನೆಯ ಮೀರಾಬಾಯಿಯೂ ಗೋಡೆಯ ಮೇಲಿಂದ ಇಣುಕಿದಳು. ಮಡೆಪ್ಪ ಬಂದು ಸೊಂಟಕ್ಕೆ ಕೈಕೊಟ್ಟು ನಿಂತು ನೋಡಿದ. ಅವನಿಗೂ ಹೊಟ್ಟೆ ತಂಪಾಯಿತು. ಹಾಳು ಗಾಡಿಯಿಂದ ಇಷ್ಟಾದರೂ ಉಪಯೋಗವಾಯಿತಲ್ಲ ಎಂದು ಅವ್ವನೆದುರು ಚೇಷ್ಟೆಯನ್ನೂ ಮಾಡಿದ. ಮರುದಿನವೂ ಕೌದಿ ಹಿಂಡಲಾಯಿತು, ಅದರ ಮರುದಿನವೂ.

ಆ ಮೂರನೆಯ ದಿನವೇ ಕಾರು ಕೈಕೊಟ್ಟಿತು. ಸಸ್ತಾಪುರ ಬಂಗ್ಲಾದ ಕೂಡುರಸ್ತೆ ದಾಟಿ ಹೆದ್ದಾರಿಗೆ ಬಿದ್ದು, ಹುಮನಾಬಾದ್ ಇನ್ನೇನು ಬಂತು ಎನ್ನುವಾಗ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆ ಮುಟ್ಟಿತು. ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು. ನಿಂತು, ಆರಿಸಿ, ನೀರು ಹೊಯ್ದು, ಮತ್ತೆ ನಿಂತು, ಅಂತೂ ಲಾಲ್ ಅಹ್ಮದನ ಗ್ಯಾರೇಜಿಗೆ ತಂದು ನಿಲ್ಲಿಸುವಷ್ಟರಲ್ಲಿ ಮಡೆಪ್ಪ ಚಳಿಯಲ್ಲೂ ಬೆವೆತಿದ್ದ.

ಈ ಸಲ ಲಾಲ್ ಅಹ್ಮದ್ ನಗಲಿಲ್ಲ. ಇಂಜಿನ್ ಆರಿದ ಮೇಲೆ ರೇಡಿಯೇಟರಿನ ಬಾಯಿಗೆ ಗಾಳಿ ತುಂಬುವ ಪಂಪು ಕಚ್ಚಿಸಿ ಒತ್ತಿದ. ಪಂಪಿನ ಮುಳ್ಳು ಏರಿದ್ದು ನಿಲ್ಲದೆ ಇಳಿಯತೊಡಗಿತು. ಎಲ್ಲೋ ಸೋರುತ್ತಿದೆ, ಆದರೆ ಕಾರಿನ ಕೆಳಗೆ ಒಂದು ಹನಿಯೂ ಇಲ್ಲ. ಅವನು ಹುಬ್ಬು ಗಂಟಿಕ್ಕಿ ನಿಂತ. ಬಾಗಿಲು ತೆಗೆದು, ಕೌದಿಯನ್ನು ಎಳೆದು ಹೊರಗೆಸೆದು, ಅಂಗಾತ ಮಲಗಿ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿದ. ಒಳಗಿಂದ ಸಣ್ಣಗೆ ಬುಸ್ಸೆನ್ನುವ ಸದ್ದು. ಬಿಳಿ ಚಿಂದಿಯೊಂದನ್ನು ಕೈಗೆ ಸಿಕ್ಕಷ್ಟು ಒಳಗೆ ತುರುಕಿ ಹೊರತೆಗೆದ. ಚಿಂದಿ ಹಸಿರಾಗಿತ್ತು.

"ತೌಬಾ ತೌಬಾ," ಎಂದ ಲಾಲ್ ಅಹ್ಮದ್. "ಹೀಟರ್ ಸೋರಾಕತ್ತದ ಮಡೆಪ್ಪಣ್ಣ. ನಾ ಅಂದು ಇಲ್ಲಿ ಕೈಯೇ ಹಾಕಲಿಲ್ಲ ನೋಡು."

ಡ್ಯಾಶ್‌ಬೋರ್ಡು ಬಿಚ್ಚುತ್ತ ಅವನು ವಿವರಿಸಿದ. ಕಾರಿಗೆ ಮುಂದೊಂದು ರೇಡಿಯೇಟರ್ ಇದ್ದಂತೆ ಒಳಗೆ ಹೀಟರಿಗೂ ಅಂಗೈಯಗಲದ ಸಣ್ಣದೊಂದು ಇರುತ್ತದೆ. ಇಂಜಿನ್ನಿನ ಬಿಸಿನೀರು ಎರಡು ರಬ್ಬರ್ ಪೈಪುಗಳಲ್ಲಿ ಅದಕ್ಕೆ ಹೋಗಿಬರುತ್ತದೆ, ಫ್ಯಾನು ಅದರ ಬಿಸಿಯನ್ನು ಊದುತ್ತದೆ. ವರ್ಷಗಟ್ಟಲೆ ಮುಚ್ಚಿಕೊಂಡು ಒಳಗೊಳಗೇ ಕೊಳೆತದ್ದಕ್ಕೆ ಮಡೆಪ್ಪ ಹಿಡಿಕೆ ಜಗ್ಗಿ ಬಿಸಿನೀರು ಬಿಟ್ಟಿದ್ದ. ಅದು ತೂತಾಗಿ, ಹನಿಯೆಲ್ಲ ಕೌದಿಯ ಮೇಲೆ, ಹಬೆಯೆಲ್ಲ ಗಾಜಿನ ಮೇಲೆ. ಹೊರಗೆ ಬಿದ್ದಿದ್ದರೆ ಯಾರಾದರೂ ನೋಡುತ್ತಿದ್ದರು.

"ಹೊಸಾದ ಸಿಗ್ತದೇನ್ರಿ?"

"ಈ ಮಾಡೆಲ್‌ಗಿ ಹೈದರಾಬಾದದಾಗೂ ಸಿಗಂಗಿಲ್ಲ. ಆದ್ರ ಫಿಕರ್ ಮಾಡಬ್ಯಾಡ. ಎರಡೂ ಪೈಪಿಗಿ ನಡುವ ಒಂದ ಜೋಡ್ ಹಾಕಿ ಬಿಡ್ತೀನಿ, ಹೀಟರ್‌ಗಿ ನೀರ ಹೋಗೂದೇ ಬಂದ್. ನಮ್ಮ ಕಡಿ ಹೀಟರ್ ಯಾರಿಗಿ ಬೇಕು?"

ಮಡೆಪ್ಪನಿಗೆ ನಿರಾಳವಾಯಿತು. ಇಷ್ಟೇ ತಾನೇ. ಲಾಲ್ ಅಹ್ಮದ್ ರೇಡಿಯೇಟರಿನ ಕೆಳಗೆ ಅಗಲವಾದ ಪರಾತವಿಟ್ಟು ಉಳಿದ ಕೂಲಂಟನ್ನು ಇಳಿಬಿಟ್ಟ. ಡ್ಯಾಶ್‌ಬೋರ್ಡು ಅರ್ಧ ಹೊರಗೆ, ವೈರುಗಳೆಲ್ಲ ಜೋತಾಡುತ್ತಿದ್ದವು. ಅಷ್ಟರಲ್ಲಿ ಹಿಂದಿನ ಓಣಿಯ ಆಡೊಂದು ಅಡ್ಡಾಡುತ್ತ ಬಂದು ಪರಾತದತ್ತ ಮೂತಿ ಚಾಚಿತು.

ಇರುವೆಗೂ ದಾರಿ ಬಿಟ್ಟು ನಡೆಯುವ ಲಾಲ್ ಅಹ್ಮದ್ ಕೈಯಲ್ಲಿದ್ದ ಸ್ಪ್ಯಾನರನ್ನೇ ಬೀಸಿ ಒಗೆದ. ಆಡು ಚಂಗನೆ ನೆಗೆದು ಓಡಿತು.

"ಯಾಕ್ರಿ ಉಸ್ತಾದ, ಕುಡೀಲಿ ಬಿಡ್ರಿ, ಹ್ಯಾಂಗೂ ಚೆಲ್ಲೂ ನೀರು," ಎಂದು ಮಡೆಪ್ಪ ನಕ್ಕ.

"ಏ ಹುಚ್ಚ! ಜಹರ್ ಅದು, ವಿಷ. ಸಿಹಿ ಇರ್ತದಂತ ಬಂದು ನೆಕ್ಕತಾವ. ನಮ್ಮ ಓಣ್ಯಾಗಿನ ಖುರ್ಷೀದ್ ಬೇಗಂ ಸಾಕಿದ್ದ ಆಡು ಹಿಂಗೇ ಹೋತು. ಮೊದಲ ಕುಡದವರ ಹಂಗ ಹೊಯ್ದಾಡ್ತು, ಆಮ್ಯಾಲ ಉಚ್ಚಿ ನಿಂತು ಸತ್ತು ಹೋತು."

"ಸಿಹಿ ಇರ್ತದೇನ್ರಿ ಅದು?" ಎಂದ ಮಡೆಪ್ಪ. ಕಣ್ಣು ಹೊರಗೆ ಬಿದ್ದಿದ್ದ ಕೌದಿಯ ಮೇಲೆ ನಿಂತಿತ್ತು. ಅದರ ಅಂಚಿನಿಂದ ಮಣ್ಣು, ಬೆಲ್ಲ ಕೂಡಿದ ಕಂದು ನೀರು ಇಳಿಯುತ್ತಿತ್ತು. ಅದರೊಳಗಿನ ಹಸಿರು ಯಾರ ಕಣ್ಣಿಗೂ ಕಾಣುವಂತಿರಲಿಲ್ಲ.

ಜೇಬಿನಿಂದ ಫೋನು ಕಿತ್ತ. ಅವ್ವನ ಹತ್ತಿರ ಫೋನಿರಲಿಲ್ಲ. ಪಕ್ಕದ ಮನೆಗೆ ಹಚ್ಚಿದ, ಮೀರಾಬಾಯಿ ಎತ್ತಿಕೊಂಡಳು.

"ವೈನಿ, ಓಡಿ ಹೋಗ್ರಿ ನಮ್ಮ ಮನಿಗಿ. ಕರುವಿಗಿ ಆ ಕೌದಿ ನೀರ ಕುಡಸಬ್ಯಾಡ ಅನ್ರಿ."

ಫೋನು ಹಿಡಿದೇ ಓಡಿದ ಮೀರಾಬಾಯಿಯ ಏದುಸಿರು, ಗೇಟಿನ ಕಿರ್ರೆನ್ನುವ ಸದ್ದು, ದೂರದಲ್ಲಿ ಅವ್ವನ ಗೊಣಗಾಟ ಎಲ್ಲ ಮಡೆಪ್ಪನಿಗೆ ಕೇಳಿಸಿತು. ಆಮೇಲೆ ಆಕೆ ದನಿ ತಗ್ಗಿಸಿ ಹೇಳಿದಳು: "ಬಕೀಟ ಖಾಲಿ ಅದ ಮಡೆಪ್ಪ. ಬೆಳಿಗ್ಗೇನೇ ಕುಡದದಂತ. ಕರು ಯಾಕೋ ನಿಂದ್ರವಲ್ದು. ಹೊಯ್ದಾಡಿ ಹೊಯ್ದಾಡಿ ಬೀಳಾಕತ್ತದ. ಚಳಿ ಹತ್ಯಾದಂತ ನಿಮ್ಮವ್ವ ಕಂಬಳಿ ಹೊಚ್ಚ್ಯಾಳ. ಯಾಕ, ಏನಿತ್ತಪ್ಪ ಆ ನೀರಾಗ?"

"ಅವ್ವಗ ಏನೂ ಹೇಳಬ್ಯಾಡ್ರಿ ವೈನಿ. ನಿಮ್ಮ ಕಾಲ ಬೀಳ್ತೀನಿ. ನಾ ಬರಾಕತ್ತೇನಿ."

ಬರುತ್ತೇನೆ ಎಂದುಬಿಟ್ಟ. ಹೇಗೆ ಬರುವುದು? ಕಾರಿನ ಹೊಟ್ಟೆ ಬಗೆದು ಹಾಕಿತ್ತು. ಬಸ್ಸು ಹಿಡಿದರೆ ಬಂಗ್ಲಾದಲ್ಲಿ ಇಳಿದು, ಬಸವಕಲ್ಯಾಣಕ್ಕೆ ಬೇರೆ ಗಾಡಿ ಕಾದು, ಅಲ್ಲಿಂದ ಮೋರಖಂಡಿಗೆ ಇನ್ನೊಂದು. ದನದ ಡಾಕ್ಟರರನ್ನು ಕರೆದೊಯ್ಯಲು ವಾಹನವೂ ಬೇಕು. ಫೋನಿನ ಮಾತನ್ನೆಲ್ಲ ಲಾಲ್ ಅಹ್ಮದ್ ಕೇಳಿಸಿಕೊಂಡಿದ್ದ. ಪೈಪು ಕತ್ತರಿಸಿದ, ಜೋಡಿಸಿದ, ಕ್ಲಿಪ್ಪು ಬಿಗಿದ. ಕ್ಲಿಪ್ಪು ಜಾರಿತು. ಮತ್ತೆ ಬಿಗಿದ. ಮಡೆಪ್ಪನಿಗೆ ಮಾಡಲು ಒಂದು ಕೆಲಸವೂ ಇರಲಿಲ್ಲ. ಸ್ಪ್ಯಾನರ್ ಎತ್ತಿಕೊಡಲು ಹೋಗಿ ತಪ್ಪಾದುದನ್ನು ಕೊಟ್ಟ. ಆ ಹೊತ್ತಿನಲ್ಲಿ ಅವನಿಗೆ ಲಾಲ್ ಅಹ್ಮದನನ್ನು ಹಿಡಿದು ಬಡಿಯಬೇಕೆನಿಸಿತು, ಅವನ ಭುಜದ ಮೇಲೆ ತಲೆಯಿಟ್ಟು ಅಳಬೇಕೆಂದೂ ಅನಿಸಿತು. ಎರಡನ್ನೂ ಮಾಡದೆ ನಿಂತೇ ಇದ್ದ.

"ಡ್ಯಾಶ್‌ಬೋರ್ಡ್ ಹಂಗೇ ಇರ್ಲಿ, ಹೋಗು," ಎಂದ ಲಾಲ್ ಅಹ್ಮದ್, ಹೊಸ ನೀರು ತುಂಬಿ. "ನಾ ಅವತ್ತೇ ಒಳಗ ಬಗ್ಗಿ ನೋಡಿದ್ರ... ಹೋಗು ಭಾಯಿ, ಲಗೂ ಹೋಗು."

ಕಾರು ಚೆನ್ನಾಗಿ ಓಡಿತು. ಮುಳ್ಳು ಅಲುಗಾಡದೆ ನಡುವೆ ನಿಂತಿತು. ಗಾಜು ನಿಚ್ಚಳವಾಗಿ ಎದುರಿನ ರಸ್ತೆಯೆಲ್ಲ ಕಾಣುತ್ತಿತ್ತು.

ಬಸವಕಲ್ಯಾಣದ ದನದ ಆಸ್ಪತ್ರೆಯಿಂದ ಡಾಕ್ಟರ್ ದೀಪಾಲಿ ಔಷಧದ ಪೆಟ್ಟಿಗೆ ಹಿಡಿದು ಹಿಂದಿನ ಸೀಟಿನಲ್ಲಿ ಪೆಂಟಿಗಳ ನಡುವೆ ಕುಳಿತರು. ಮಡೆಪ್ಪ ಎಲ್ಲವನ್ನೂ ಹೇಳಿದ. ಎಷ್ಟು ಕುಡಿಯಿತು, ಎಂದಿನಿಂದ ಎಂದು ಅವರು ಕೇಳಿದರು. ಉತ್ತರ ಕೇಳಿದ ಮೇಲೆ ಪೆಟ್ಟಿಗೆ ತೆರೆದು ಸಲೈನಿನ ಬಾಟಲಿಗಳನ್ನು ಎಣಿಸಿದರು.

"ನಮ್ಮವ್ವನೂ ಬೆರಳ ಅದ್ದಿ ನೆಕ್ಯಾಳ್ರಿ ಮೇಡಂ."

"ಅಷ್ಟಕ್ಕ ಏನೂ ಆಗಂಗಿಲ್ರಿ. ನೀವು ಹೆದರಬ್ಯಾಡ್ರಿ."

"ಇನ್ನೊಂದ ಮಾತ್ರಿ. ಆಕಿ ಮುಂದ ನೀರಿನ ಸುದ್ದಿ ತೆಗೀಬ್ಯಾಡ್ರಿ. ಆಕಿನೇ ಕುಡಿಸ್ಯಾಳ್ರಿ, ತನ್ನ ಕೈಯಾರೆ."

ಕಾಡಿಗಿ ಕಂಬಳಿಯೊಳಗೆ ಅಡ್ಡ ಬಿದ್ದಿತ್ತು. ಕಾಲು ಆಗಾಗ ತಾನಾಗಿ ಜಾಡಿಸುತ್ತಿತ್ತು. ದೀಪಾಲಿ ಕಣ್ಣು ಬಿಡಿಸಿ ನೋಡಿ, ಹೊಟ್ಟೆಯನ್ನು ಮೆಲ್ಲಗೆ ಒತ್ತಿದರು.

"ಉಚ್ಚಿ ಹೊಯ್ದದೇನಮ್ಮಾ?"

"ನಿನ್ನೆ ಸಂಜಿಂದ ಇಲ್ರಿ ಬಾಯಾರ. ಚಳೀಗಿ ಕಟ್ಟಿರಬೇಕ್ರಿ," ಎಂದಳು ಧೂಳಮ್ಮ.

ದೀಪಾಲಿ ತಲೆಯೆತ್ತಿ ಮಡೆಪ್ಪನನ್ನು ನೋಡಿದರು. ಮಡೆಪ್ಪ ಗೋಡೆ ನೋಡಿದ. ಸಲೈನ್ ಹಚ್ಚಿದರು, ಸೂಜಿ ಚುಚ್ಚಿದರು, ತಮ್ಮಿಂದ ಆಗುವುದನ್ನೆಲ್ಲ ಮಾಡಿದರು. ಹೊರಡುವಾಗ ಬೇವಿನ ಮರದ ಕೆಳಗೆ ಮಡೆಪ್ಪನನ್ನು ಕರೆದು, "ಕುಡದ ಮೊದಲನೇ ತಾಸಿನಾಗ ಗೊತ್ತಾಗಿದ್ರ ಏನರ ಮಾಡಬಹುದಿತ್ರಿ. ಈಗ ಕಿಡ್ನಿ ನಿಂತಾವ. ನಾಳಿ ತನಕ ಉಳಿಯೂದು ಕಷ್ಟ," ಎಂದರು.

ಮಡೆಪ್ಪ ಒಳಗೆ ಬಂದ. ಹೇಳಿಬಿಡಬೇಕು ಎಂದುಕೊಂಡ. ಅವ್ವಾ ಎಂದು ಕರೆದ. "ಏನಪ್ಪಾ?" ಎಂದು ಆಕೆ ತಿರುಗಿದಾಗ, ಕರುವಿನ ಜೊಲ್ಲು ಒರೆಸಿ ಒದ್ದೆಯಾದ ಸೆರಗು ಕಂಡಿತು. "ಚಾ ಮಾಡ್ಲೇನು?" ಎಂದ. ಹೇಳಿದರೆ ಅವ್ವ ಮುಂದೆ ತನ್ನ ಆ ಎರಡು ಕೈಗಳನ್ನು ಹೇಗೆ ನೋಡಿಕೊಂಡಾಳು? ಹೇಳದಿದ್ದರೆ ತಾನು ಆಕೆಯ ಮುಖವನ್ನು ಹೇಗೆ ನೋಡುವುದು? ಕೌದಿ ಹಾಸಿದವನು ತಾನು, ಕೂಲಂಟು ಹೊಯ್ದವನು ತಾನು, ಸೊಂಟಕ್ಕೆ ಕೈಕೊಟ್ಟು ನಿಂತು ನೋಡಿ ನಕ್ಕವನೂ ತಾನೇ. ಮಡೆಪ್ಪನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಚಹಾ ಮಾಡಿ ತಂದಿಟ್ಟ. ಇಬ್ಬರೂ ಕುಡಿಯಲಿಲ್ಲ.

ಹೊತ್ತು ಇಳಿಯಿತು. ಧೂಳಮ್ಮ ಹಾಲಿನ ಬಾಟಲಿ ಹಿಡಿದು ಕೂತಳು. ಕರು ಬಾಯಿ ತೆರೆಯಲಿಲ್ಲ. ಬೆರಳಿಗೆ ಬೆಲ್ಲ ಸವರಿ ತುಟಿಗೆ ಹಚ್ಚಿದಳು. ನಾಲಿಗೆ ಹೊರಗೆ ಬರಲಿಲ್ಲ. "ನಮ್ಮವ್ವ, ನನ್ನ ತವರ ಮನಿ, ಒಂದ ಗುಟುಕರ ಕುಡಿಯ," ಎಂದು ಅದರ ಕಪ್ಪು ಮುಖವನ್ನು ತೊಡೆಯ ಮೇಲಿಟ್ಟುಕೊಂಡಳು. ಸ್ವಲ್ಪ ಹೊತ್ತಾದ ಮೇಲೆ ಏನೋ ಹೊಳೆದವಳಂತೆ ತಲೆಯೆತ್ತಿದಳು.

"ಮಡೆಪ್ಪಾ, ಇಂದಿನ ಕೌದಿ ಎಲ್ಲದಪ್ಪ? ತಾ ಇಲ್ಲಿ. ಅದರ ನೀರ ಒಂದ ಇದು ಒಲ್ಲೆ ಅಂದಿಲ್ಲ. ಒಂದೀಟ ಹಿಂಡಿ ಕುಡಸ್ತೀನಿ, ಎದ್ದು ನಿಂದರ್ತದ."

ಮಡೆಪ್ಪ ಕಂಬ ಹಿಡಿದುಕೊಂಡ.

"ಇಲ್ಲವ್ವ," ಎಂದ. "ಗಾಡಿ ರಿಪೇರಿ ಆಗ್ಯಾದ. ಇನ್ನ ಸೋರಂಗಿಲ್ಲ."

ಧೂಳಮ್ಮ ಮಗನನ್ನೇ ದಿಟ್ಟಿಸಿದಳು. ಆಕೆಗೆ ನಿಜವಾಗಿಯೂ ಸಿಟ್ಟು ಬಂದಿತ್ತು.

"ಇನ್ನೆರಡ ದಿನ ತಡದು ಮಾಡಸಿದ್ರ ನಿನ್ನ ಗಂಟೇನ್ ಹೋಗ್ತಿತ್ತೋ," ಎಂದಳು.